ಹದಿನಾಲ್ಕನೇ ಹಾಳೆ

17-6-74, ಸೋಮವಾರ. ಸಂಜೆ

ಇವತ್ತು ಮೂವತ್ತೊಂದು ಅರ್ಜಿ ನೋಡಿ ಮುಗಿಸಿದೆ. ಒಟ್ಟು ನೂರಾ ನಲವತ್ತಾರು. ಸೀಟು ಇಪ್ಪತ್ತು. ದಾದಿ ತರಬೇತಿಗೆ ಇಷ್ಟೊಂದು ಜನ... ಹೋದ ವರ್ಷ ಎಂಬತ್ತು ದಾಟಿರಲಿಲ್ಲ. ಜನ ಹೆಚ್ಚಿದ ಹಾಗೆ ಸುಳ್ಳೂ ಹೆಚ್ಚಿರುತ್ತದೆ.

ಫಾರಂ ಇನ್ನೂ ಹಳೆಯದೇ. ತಲೆಯ ಮೇಲೆ ಮೈಸೂರು ಸರ್ಕಾರ ಎಂದು ಅಚ್ಚಾಗಿದೆ. ಒಂದೊಂದರಲ್ಲೂ ಹೊಡೆದು ಹಾಕಿ ಕರ್ನಾಟಕ ಎಂದು ಬರೆಯಬೇಕು. ಕೈ ನೋವು.

ನಿಯಮಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ವರಾಂಡದ ಗೋಡೆಗೆ ಅಂಟಿಸಿದ್ದೇನೆ. ಎಂಟನೇ ಕ್ಲಾಸು ಪಾಸು, ಎಸ್ಸೆಸ್ಸೆಲ್ಸಿ ಆದವರಿಗೆ ಮೊದಲು. ಹದಿನೇಳು ತುಂಬಿರಬೇಕು. ಮದುವೆ ಆಗಿರಬಾರದು, ವಿಧವೆಯಾದರೆ ಆಗಬಹುದು. ಸರ್ಕಾರಿ ಡಾಕ್ಟರ ಸರ್ಟಿಫಿಕೇಟು, ತೋಳಿನಲ್ಲಿ ಸಿಡುಬಿನ ಲಸಿಕೆಯ ಗುರುತು, ಐದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡುತ್ತೇನೆಂಬ ಬಾಂಡು. ಇಷ್ಟು ಸ್ಪಷ್ಟವಾಗಿ ಬರೆದರೂ ಜನ ಸಂದಿ ಹುಡುಕುತ್ತಾರೆ. ಹೋದ ವರ್ಷ ಹಿರಿಯೂರಿನವಳೊಬ್ಬಳ ಕಾಲ್ಬೆರಳಲ್ಲಿ ಕಾಲುಂಗುರ ತೆಗೆದ ಬಿಳಿ ಗೀರು ನೋಡಿ ಹಿಡಿದೆ. ಅದರ ಹಿಂದಿನ ವರ್ಷ ಒಂದು ಸರ್ಟಿಫಿಕೇಟಿಗೆ ದನದ ಡಾಕ್ಟರ ಸಹಿ ಇತ್ತು. ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರಿಗೆ ಕಂಡಿರಲಿಲ್ಲ. ನನಗೆ ಕಂಡಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇಪ್ಪತ್ತೆರಡು ವರ್ಷ ಇದೇ ಮಾತಿನ ಮೇಲೆ ಗುಮಾಸ್ತಿಕೆ ಮಾಡಿದ್ದೇನೆ.

ಮೂವತ್ತೊಂದರಲ್ಲಿ ಹತ್ತೊಂಬತ್ತು ಹುಡುಗಿಯರು ಜೂನ್ ಒಂದಕ್ಕೆ ಹುಟ್ಟಿದವರು. ಎಲ್ಲ ಹಳ್ಳಿ ಮೇಷ್ಟ್ರುಗಳ ಕೃಪೆ. ನನ್ನದೂ ಜೂನ್ ಒಂದೇ. ಅದು ಬೇರೆ ವಿಷಯ.

ಸಂಜೆ ಸಂತೇಪೇಟೆಯಲ್ಲಿ ನಮ್ಮೂರಿನವನೊಬ್ಬ "ಏನ್ ತಿಪ್ಪಣ್ಣ, ಆರಾಮಾ?" ಎಂದು ಗಂಟಲು ಹರಿಯುವ ಹಾಗೆ ಕೂಗಿದ. ಪಕ್ಕದಲ್ಲೇ ಆಫೀಸಿನ ಜವಾನ ಮಾರಣ್ಣ. ಕೇಳಿಸದವನಂತೆ ನಡೆದುಬಿಟ್ಟೆ. ಅವ್ವ ಕರೆಯುತ್ತಿದ್ದ ಹೆಸರು ಅವ್ವನ ಜೊತೆಗೇ ಹೋಗಬೇಕಿತ್ತು. ಆಫೀಸಿನಲ್ಲಿ ನಾನು ಮೂರ್ತಪ್ಪ.

ಈ ಡೈರಿ ಬೀರುವಿನಲ್ಲಿ, ಪಂಚೆಗಳ ಕೆಳಗೆ. ಮೇಲೊಂದು ಬಿಳಿ ದಾರ ಇಟ್ಟಿರುತ್ತೇನೆ. ಯಾರಾದರೂ ಮುಟ್ಟಿದರೆ ಗೊತ್ತಾಗಲಿ ಎಂದು. ದಾರ ಇವತ್ತು ಇದ್ದಲ್ಲೇ ಇತ್ತು.

20-6-74, ಗುರುವಾರ

ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸಂದರ್ಶನ. ವರಾಂಡದಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗಿ ಒಬ್ಬಳಾದರೆ ಜೊತೆಗೆ ಬಂದವರು ನಾಲ್ವರು.

ಒಂದು ವಿಷಯ ಬರೆದಿಡಬೇಕು. ಹನ್ನೊಂದೂವರೆಗೆ "ಏಕಾಂತಮ್ಮ, ತಂದೆ ಚಿತ್ತಪ್ಪ, ಮಾಡದಕೆರೆ" ಎಂದು ಕರೆದೆ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದೆ. ಇಲ್ಲ. ಮೂರನೇ ಸಲ ಕರೆದಾಗ ಕಂಬಕ್ಕೆ ಒರಗಿ ಕೂತಿದ್ದ ಹೆಂಗಸೊಬ್ಬಳು ಪಕ್ಕದ ಹುಡುಗಿಯನ್ನು ತಿವಿದಳು.

"ಲೇ ಹುಚ್ಚಕ್ಕ, ನಿನ್ನೇ ಕಣೆ ಕರೀತಿರಾದು. ಎದ್ದು ಹೋಗು."

ಹುಚ್ಚಕ್ಕ! ಹುಡುಗಿ ಗಾಬರಿಯಾಗಿ ಎದ್ದು ಬಂದಳು. ತನ್ನ ಹೆಸರು ಮೂರು ಸಲ ಕರೆದರೂ ಕಿವಿಗೆ ಬೀಳದ ಹುಡುಗಿಯನ್ನು ನಾನು ನೋಡಿಲ್ಲ.

ಕಾಗದಗಳೆಲ್ಲ ಸರಿ ಇವೆ. ಅತಿಯಾಗಿ ಸರಿ ಇವೆ. ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸ್. ಹುಟ್ಟಿದ್ದು 1-6-56, ಅದೇ ಜೂನ್ ಒಂದು. ಸಾಹೇಬರು "ಯಾಕಮ್ಮ ಈ ಕೆಲಸಕ್ಕೆ ಬರ್ತೀಯ?" ಎಂದರು. "ನಮ್ಮ ಹಟ್ಟಿಗೆ ದಾದಿ ಬರಲ್ಲ ಸಾ. ಅದ್ಕೆ ನಾನೇ ಆಗ್ಬೇಕು" ಎಂದಳು. ಸಾಹೇಬರು ನಕ್ಕು ಮಾರ್ಕು ಹಾಕಿದರು. ಯಾರೋ ಹೇಳಿಕೊಟ್ಟು ಕಳಿಸಿದ ಮಾತು ಎಂದು ನನಗನ್ನಿಸಿತು.

22-6-74, ಶನಿವಾರ

ಪಟ್ಟಿ ಟೈಪಾಯಿತು. ಹೊಸದುರ್ಗಕ್ಕೆ ಎರಡು ಸೀಟು. ಮೊದಲನೆಯದು ಮೇಷ್ಟ್ರೊಬ್ಬರ ಮಗಳಿಗೆ, ಅದರಲ್ಲಿ ತಕರಾರಿಲ್ಲ. ಎರಡನೆಯದು ಈ ಏಕಾಂತಮ್ಮನಿಗೆ. ವೇಟಿಂಗ್ ಲಿಸ್ಟಿನಲ್ಲಿ ಒಂದನೆಯವಳು ಶಾಂತಕ್ಕ, ಮೂರೇ ಮಾರ್ಕು ಕಡಿಮೆ.

ಶಾಂತಕ್ಕ ಯಾರು ಎಂಬುದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಡೈರಿಗೆ ಗೊತ್ತಾದರೆ ಅಡ್ಡಿಯಿಲ್ಲ. ನನ್ನ ಹೆಂಡತಿಯ ತಂಗಿ ಮಲ್ಲಕ್ಕನ ಮಗಳು. ನಮಗೆ ಮಕ್ಕಳಿಲ್ಲ. ಹೈಸ್ಕೂಲಿನ ಕೊನೆಯ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದ ಹುಡುಗಿ. ಪ್ರತಿ ಸೋಮವಾರ ಕಾರ್ಡು ಬರೆಯುತ್ತಾಳೆ. ಸಾಹೇಬರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮನೆಗೆ ಬಂದ ಕೂಡಲೇ ಹೆಂಡತಿ ಚಂದ್ರಕ್ಕ ಕೇಳಿದಳು.

"ಏನಾತ್ರಿ?"

"ಎರಡನೇ ಸೀಟು ಬೇರೆಯವಳಿಗೆ ಆಯ್ತು. ಇವಳು ವೇಟಿಂಗು."

"ಇದ್ದೋರು ಬಿಟ್ರೆ ಸಿಗ್ತೈತಾ?"

"ಬಿಟ್ಟರೆ ಸಿಗುತ್ತದೆ."

"ಯಾರಾದ್ರೂ ಬಿಡ್ತಾರೇನ್ರಿ ಇಂಥ ಸೀಟ?"

ನಾನೇನೂ ಮಾಡುವುದಿಲ್ಲ, ನಿಯಮ ನಿಯಮವೇ. ಆದರೆ ಆ ಹುಚ್ಚಕ್ಕ ಎಂಬ ಹೆಸರು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಕೂತಿದೆ. ಅದಕ್ಕೂ ಶಾಂತಳಿಗೂ ಸಂಬಂಧವಿಲ್ಲ.

29-6-74, ಶನಿವಾರ. ಸಂಜೆ 7

ರಜೆ ಹಾಕಿ ಹೊಸದುರ್ಗಕ್ಕೆ ಹೋಗಿ ಬಂದೆ. ಚಂದ್ರಕ್ಕನಿಗೆ ಆಫೀಸು ಕೆಲಸ ಎಂದೆ. ಸುಳ್ಳಲ್ಲ.

ಹೊಳಲ್ಕೆರೆಯಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಡ್ರೈವರ್ ಮಂಡಕ್ಕಿ ತಿನ್ನಲು ಇಳಿದವನು ಹತ್ತಲೇ ಇಲ್ಲ. ತಾಲ್ಲೂಕು ಕಚೇರಿ ತಲುಪಿದಾಗ ಹನ್ನೆರಡೂವರೆ. ರೆಕಾರ್ಡ್ ರೂಮಿನ ಮುರುಗಪ್ಪ ಹಳೆಯ ಪರಿಚಯ. ಮಾಡದಕೆರೆ ಹೋಬಳಿಯ ಜನನ ಮರಣದ ಪುಸ್ತಕ ಕೊಡಿ ಎಂದೆ. ಗೆದ್ದಲು ಹಿಡಿದ ಕಟ್ಟು, ಬಿಚ್ಚಿದರೆ ಸೀನು. 1956ರ ಜನನದಲ್ಲಿ ಚಿತ್ತಪ್ಪನ ಹೆಸರಿನಲ್ಲಿ ಮಗುವೇ ಇಲ್ಲ. 55ರಲ್ಲೂ ಇಲ್ಲ, 57ರಲ್ಲೂ ಇಲ್ಲ. ಹಾಗೇ ಮರಣದ ಪುಸ್ತಕ ತಿರುವಿದೆ. ಸಿಕ್ಕಿತು.

"ಏಕಾಂತಮ್ಮ. ತಂದೆ ಕುರಿ ಚಿತ್ತಪ್ಪ. ವಯಸ್ಸು ಒಂದೂವರೆ ವರ್ಷ. ಕಾರಣ ಭೇದಿ. ತಾರೀಖು 9-9-1955."

ಏಕಾಂತಮ್ಮ ಸತ್ತು ಹತ್ತೊಂಬತ್ತು ವರ್ಷವಾಗಿದೆ. ಸತ್ತವಳು ನಮ್ಮಲ್ಲಿ ದಾದಿ ತರಬೇತಿಗೆ ಬರುತ್ತಿದ್ದಾಳೆ. ಹಾಗಾದರೆ ಕಂಬದ ಪಕ್ಕ ಕೂತಿದ್ದ ಈ ಹುಚ್ಚಕ್ಕ ಯಾರು? ಯಾರ ಮಾರ್ಕ್ಸ್ ಕಾರ್ಡು? ಬೇರೆ ಯಾವಳದೋ ಕಾಗದ ಹಿಡಿದು ಬಂದಿರಬೇಕು.

ಮುರುಗಪ್ಪ ಹೇಳಿದ — "ಮಾಡದಕೆರೆಗೆ ಮೂರಕ್ಕೆ ಒಂದ್ ಬಸ್ ಐತೆ. ಹಟ್ಟಿಗೇ ಹೋಗಿ ಕೇಳ್ಬರ್ರಿ, ತಿಳೀತೈತೆ."

ಹೋಗಲಿಲ್ಲ. ಹಟ್ಟಿಗೆ ಹೋಗಿ ಕೇಳಿದರೆ ಎಲ್ಲರೂ ಸೇರಿ ಒಂದೇ ಕಥೆ ಹೇಳುತ್ತಾರೆ. ಪುಸ್ತಕ ಕಥೆ ಹೇಳುವುದಿಲ್ಲ. ನಕಲು ಮಾಡಿಸಿ, ಸೀಲು ಹಾಕಿಸಿಕೊಂಡು, ಎರಡೂವರೆ ಬಸ್ಸಿಗೇ ವಾಪಸು ಬಂದೆ.

1-7-74, ಸೋಮವಾರ

ನಕಲನ್ನು ಫೈಲಿಗೆ ಹಾಕಿದೆ, ಹದಿನಾಲ್ಕನೇ ಹಾಳೆ. ಟಿಪ್ಪಣಿ ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಭಲೇ ಪತ್ತೇದಾರರು ನೀವು ಮೂರ್ತಪ್ಪನವರೇ" ಎಂದರು. ಹೊಗಳಿದ್ದೋ ಅಣಕಿಸಿದ್ದೋ ತಿಳಿಯಲಿಲ್ಲ.

ಮೆಮೋ ನಾನೇ ಬರೆದೆ. "ದಾಖಲೆಗಳ ಪ್ರಕಾರ ತಾವು 1955ನೇ ಇಸವಿಯಲ್ಲಿ ಮೃತರಾಗಿರುವುದು ಕಂಡುಬಂದಿದ್ದು, ಈ ಬಗ್ಗೆ ದಿನಾಂಕ 15-7-74ರೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಸೀಟನ್ನು ಮುಂದಿನವರಿಗೆ ನೀಡಲಾಗುವುದು." ಮಧ್ಯಾಹ್ನದ ಟಪಾಲಿಗೆ ಹೋಯಿತು. ಭಾಷೆ ಚೆನ್ನಾಗಿ ಬಂದಿದೆ.

8-7-74, ಸೋಮವಾರ

ಮಾರಣ್ಣ ಟೀ ಇಡುತ್ತಾ ಮೆಲ್ಲಗೆ ಕೇಳಿದ.

"ಸಾ, ಹೊಸದುರ್ಗದ ವೇಟಿಂಗ್ ಹುಡುಗಿ ನಿಮಗೇನಾದ್ರೂ ಸಂಬಂಧನಾ?"

"ಯಾರು ಹೇಳಿದರು ನಿನಗೆ?"

"ಯಾರೂ ಇಲ್ಲ ಸಾ. ಹಂಗೇ ಕೇಳ್ದೆ."

ಹಾಗೇ ಕೇಳುವವನಲ್ಲ ಮಾರಣ್ಣ. ಹುಡುಗಿಯರಿಗೆ ಪಾಠ ಹೇಳುವ ಸಿಸ್ಟರಿಗೂ ಗೊತ್ತಿರಬೇಕು, ಬೆಳಗ್ಗೆಯಿಂದ ನನ್ನ ಮೇಜಿನ ಕಡೆ ತಿರುಗಿಲ್ಲ. ಯಾರು ಹೇಳಿದ್ದು? ಮುರುಗಪ್ಪ? ಮಲ್ಲಕ್ಕನೇ ಎಲ್ಲಾದರೂ ಬಾಯಿ ಬಿಟ್ಟಳೋ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇಡೀ ದಿನ ಹೆಗಲು ಮುಟ್ಟಿಕೊಂಡೇ ಕೂತಿದ್ದೆ. ನಾನು ಮಾಡಿದ್ದು ನಿಯಮದ ಕೆಲಸ. ಶಾಂತ ಪಟ್ಟಿಯಲ್ಲಿ ಇಲ್ಲದಿದ್ದರೂ ರಜೆ ಹಾಕಿ ಹೊಸದುರ್ಗಕ್ಕೆ ಹೋಗುತ್ತಿದ್ದೆ.

ಹೋಗುತ್ತಿದ್ದೆನೇ?

12-7-74, ಶುಕ್ರವಾರ

ಉತ್ತರವಿಲ್ಲ. ಸುಳ್ಳಿಲ್ಲದಿದ್ದರೆ ಮೆಮೋ ಸಿಕ್ಕ ದಿನವೇ ಓಡಿ ಬರಬೇಕಿತ್ತಲ್ಲ.

ಚಂದ್ರಕ್ಕ ಹೊಸ ಟ್ರಂಕು ತಂದಿಟ್ಟಿದ್ದಾಳೆ. ಮುಚ್ಚಳದ ಮೇಲೆ ಶಾಂತಳ ಹೆಸರು ಬರೆಸಿದ್ದಾಳೆ, ನೀಲಿ ಬಣ್ಣದಲ್ಲಿ. ಇನ್ನೂ ಆಗಿಲ್ಲ ಎಂದೆ. "ಆಗ್ತೈತೆ ಬಿಡ್ರಿ, ನಿಮ್ಮ ಮುಖ ನೋಡಿದ್ರೇ ಗೊತ್ತಾಗ್ತೈತೆ" ಎಂದಳು. ನನ್ನ ಮುಖದಲ್ಲಿ ಏನು ಕಂಡಳೋ.

15-7-74, ಸೋಮವಾರ. ಸಂಜೆ 7

ಬಂದರು.

ಸಾಹೇಬರು ಹಿರಿಯೂರಿಗೆ ಟೂರು ಹೋಗಿದ್ದರು. ಗಂಟೆ ನಾಲ್ಕಾಗಿತ್ತು. ತಾಯಿ ಮಗಳು ಇಬ್ಬರೂ ಬಾಗಿಲಲ್ಲಿ ನಿಂತರು. ಕಾಲೆಲ್ಲ ಧೂಳು. ತಾಯಿಯ ಹೆಸರು ಓಬವ್ವ. ಕುಂತ್ಕಳ್ರಿ ಎಂದು ಮಾರಣ್ಣ ಬೆಂಚು ತೋರಿಸಿದರೂ ಕೂರಲಿಲ್ಲ. ಮೆಮೋವನ್ನು ಎಲೆಯಡಿಕೆ ಚೀಲದಿಂದ ತೆಗೆದು ನನ್ನ ಮುಂದಿಟ್ಟಳು. ಸುಣ್ಣದ ಕಲೆ ಆಗಿತ್ತು.

"ಶನಿವಾರ ಕೈಗೆ ಬಂತು ಸಾಮಿ. ಯಜಮಾನ್ರು ಕುರಿ ಹೊಡ್ಕಂಡು ಹಿರಿಯೂರು ಕಡೆ ಹೋಗ್ಯಾರೆ. ನೆನ್ನೆ ಜುಂಜಯ್ಯ ಮೇಷ್ಟ್ರು ಓದಿ ಹೇಳಿದ್ರು. ನಿನ್ ಮಗಳು ಸತ್ತೋಗ್ಯಾಳೆ ಅಂತ ಬರ್ದಾರೆ ಕಣವ್ವ ಅಂದ್ರು. ಇವಳು ಎದುರಿಗೇ ಕುಂತಿದ್ಲು."

ಜುಂಜಯ್ಯ ಮೇಷ್ಟ್ರ ಕಾಗದವನ್ನೂ ಕೊಟ್ಟಳು. ಮೊದಲ ಮಗು ತೀರಿಕೊಂಡ ಮೇಲೆ ಹುಟ್ಟಿದವಳು ಈಕೆ, ಜನನ ಬರೆಸಿಲ್ಲ, ಒಂದನೇ ಕ್ಲಾಸಿಗೆ ಸೇರಿಸಿಕೊಂಡವನು ನಾನೇ, ಇಸವಿ 1962 ಎಂದು ಬರೆದು ಸ್ಕೂಲಿನ ಸೀಲು ಒತ್ತಿದ್ದಾರೆ.

"ಹಾಗಾದರೆ ಇಬ್ಬರಿಗೂ ಒಂದೇ ಹೆಸರು ಯಾಕಮ್ಮ?" ಎಂದೆ. ಅಡ್ಡ ಪ್ರಶ್ನೆ ಕೇಳುವ ದನಿಯಲ್ಲೇ ಕೇಳಿದೆ.

"ನಮ್ಮತ್ತೆ ಹೆಸ್ರು ಸಾಮಿ ಅದು. ಮನೆ ಬಿಟ್ಟು ಹೋಗಬಾರ್ದು ಅಂತ ಮೊದಲನೇದಕ್ಕೆ ಇಟ್ವಿ. ಅದು ಹೋತು. ಇವಳಿಗೂ ಅದನ್ನೇ ಇಟ್ವಿ. ಆದ್ರೆ ಬಾಯಾಗೆ ಕರ್ಯಾಕೆ ಹೆದ್ರಿಕೆ. ಒಂದ್ಸಲ ಆ ಹೆಸ್ರು ಹಿಡ್ಕಂಡು ಬಂದ ಯಮ ಇನ್ನೊಂದ್ಸಲ ಬರಲ್ಲ ಅಂತ ಏನು ಗ್ಯಾರಂಟಿ? ಅದ್ಕೆ ಹುಚ್ಚಕ್ಕ ಅಂತೀವಿ. ಹುಚ್ಚಕ್ಕ ಅಂದ್ರೆ ಅವನು ತಿರುಗಿ ನೋಡಲ್ಲ. ನಿಮ್ಮ ಕಡೆ ಹಿಂಗೆ ಕರ್ಯಾದು ಇಲ್ವೇನ್ರಿ?"

"ಇಲ್ಲ" ಎಂದೆ.

ಇಲ್ಲ ಎಂದೆ ನಾನು. ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಆಮೇಲೆ ಅವಳು ಕೇಳಿದ್ದು ನಾನು ಎಣಿಸಿರಲಿಲ್ಲ. ಸೀಟಿನ ಮಾತೇ ಎತ್ತಲಿಲ್ಲ. "ಆ ಕೂಸಿನ ಹೆಸ್ರು ಸರ್ಕಾರದ ಪುಸ್ತಕದಾಗೆ ಐತೇನ್ರಿ ಸಾಮಿ?" ಎಂದಳು. ಇದೆ ಎಂದೆ. "ಯಜಮಾನ್ರು ಬರೆಸಿದ್ದು ನಂಗೆ ಗೊತ್ತೇ ಇಲ್ಲ. ಒಂದ್ಸಲ ಓದ್ರಿ."

ಫೈಲು ತೆಗೆದು ಓದಿದೆ. ಹೆಸರು, ತಂದೆಯ ಹೆಸರು, ಒಂದೂವರೆ ವರ್ಷ, ಭೇದಿ, ತಾರೀಖು. ಓಬವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು.

"ಹೊಸದುರ್ಗದ ದವಾಖಾನೆಗೆ ಹೊತ್ಕಂಡು ಹೋಗ್ತಿದ್ವಿ. ದಾರ್ಯಾಗೇ ಹೋತು. ಹತ್ತೊಂಬತ್ತು ವರ್ಷ ಆತು ಸಾಮಿ. ಆ ಕೂಸಿನ ಸುದ್ದಿ ಯಾರ ಬಾಯಾಗೂ ಕೇಳಿಲ್ಲ ನಾನು. ಆ ಕಾಗದ ನಂಗೆ ಕೊಡ್ತೀರಾ?"

ಫೈಲಿನ ಕಾಗದ, ಕೊಡುವ ಹಾಗಿಲ್ಲ ಎಂದೆ. ಹುಡುಗಿ ತಾಯಿಯ ತೋಳು ಹಿಡಿದುಕೊಂಡಳು. ಇಡೀ ಹೊತ್ತಿನಲ್ಲಿ ಅವಳು ಆಡಿದ್ದು ಒಂದೇ ಮಾತು. "ಸಾ, ನಾನು ಸತ್ತಿಲ್ಲ ಅಂತ ಬರ್ಕಳ್ತೀರಾ?"

ಸಾಹೇಬರಿಲ್ಲ, ನಾಳೆ ಬನ್ನಿ ಎಂದು ಕಳಿಸಿದೆ. ಮಾರಣ್ಣನ ಮನೆಯಲ್ಲಿ ಉಳಿಯುತ್ತಾರಂತೆ, ಅವನೇ ಕರೆದ.

ಈಗ ನಿಜ ಬರೆಯುತ್ತೇನೆ. ಬಂದ ಕಾಗದಕ್ಕೆ ತಾರೀಖಿನ ಸೀಲು ಒತ್ತಿ ಆವಕ ಪುಸ್ತಕದಲ್ಲಿ ಬರೆಯಬೇಕು. ಸೀಲು ಕೈಯಲ್ಲೇ ಇತ್ತು. ಒತ್ತಲಿಲ್ಲ. ಒತ್ತದಿದ್ದರೆ ಇವತ್ತು ಅವರು ಬಂದಿಲ್ಲ ಎಂದೇ ಲೆಕ್ಕ. ನಾಳೆಯ ಸೀಲು ಬಿದ್ದರೆ ಗಡುವು ಮೀರಿತು, ಸೀಟು ಶಾಂತಳಿಗೆ. ನಾನು ಒಂದು ಸುಳ್ಳನ್ನೂ ಬರೆಯಬೇಕಿಲ್ಲ. ಸುಮ್ಮನಿದ್ದರೆ ಸಾಕು.

ಒಳಗೆ ಚಂದ್ರಕ್ಕ ಟ್ರಂಕಿನಲ್ಲಿ ಬಿಳಿ ಸೀರೆ ಮಡಿಸಿಡುತ್ತಿದ್ದಾಳೆ. ಮಲ್ಲಕ್ಕ ಕಳಿಸಿದ್ದು.

ನನಗಿಂತ ಮುಂಚೆ ಅವ್ವನಿಗೆ ಮೂರು ಕೂಸು ಹೋಗಿದ್ದವು. ನಾನು ಹುಟ್ಟಿದ ದಿನ ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡಳಂತೆ. ಕಸ ಇದು, ಯಾರಿಗೂ ಬೇಡ ಎಂದು ಯಮ ತಿಳಿಯಲಿ ಅಂತ. ಸಾಯುವ ದಿನವೂ ಅವ್ವ ನನ್ನನ್ನು ಮೂರ್ತಪ್ಪ ಎನ್ನಲಿಲ್ಲ. ನಲವತ್ತು ವರ್ಷದ ಗಂಡಸನ್ನು ಆಸ್ಪತ್ರೆಯ ಮಂಚದಿಂದ "ತಿಪ್ಪಾ, ಬಂದ್ಯೇನೋ" ಎಂದು ಕರೆದಳು. ಪಕ್ಕದಲ್ಲಿ ನರ್ಸು ಇದ್ದಳು. ಅವತ್ತು ನನಗೆ ಅವಮಾನವಾಯಿತು.

ಹುಚ್ಚಕ್ಕ ಎಂದು ಕಿವಿಗೆ ಬಿದ್ದಾಗ ಮೊದಲು ತಿಳಿಯಬೇಕಾದವನು ನಾನು. ಇಡೀ ಆಫೀಸಿನಲ್ಲಿ ನಾನೊಬ್ಬನೇ.

16-7-74, ಮಂಗಳವಾರ

ಹತ್ತಕ್ಕೆ ಮೊದಲೇ ಹೋದೆ. ಸೀಲಿನ ತಾರೀಖು ಹಿಂದಕ್ಕೆ ತಿರುಗಿಸಿ 15 ಮಾಡಿದೆ. ಜುಂಜಯ್ಯ ಮೇಷ್ಟ್ರ ಕಾಗದಕ್ಕೆ ಒತ್ತಿದೆ. ಆವಕ ಪುಸ್ತಕದಲ್ಲಿ ನಿನ್ನೆಯ ಪುಟದ ಕೊನೆಯಲ್ಲಿ ಒಂದು ಗೆರೆಯಷ್ಟು ಜಾಗ ಉಳಿದಿತ್ತು. "ಸಂಜೆ ನಾಲ್ಕಕ್ಕೆ ಖುದ್ದು ಹಾಜರು" ಎಂದು ಬರೆದೆ. ಬರೆದದ್ದು ಸತ್ಯ, ಬರೆದ ದಿನ ಸುಳ್ಳು. ಇಂಥದ್ದನ್ನು ಬೇರೆಯವರ ಪುಸ್ತಕದಲ್ಲಿ ಎಷ್ಟು ಸಲ ಹಿಡಿದಿದ್ದೇನೋ.

ಸಾಹೇಬರು ಹನ್ನೊಂದಕ್ಕೆ ಕರೆದರು. ತಾಯಿ ಮಗಳು ಹೊರಗೆ. ಮಾರಣ್ಣ ಬಾಗಿಲಲ್ಲಿ. ಟಿಪ್ಪಣಿಯಲ್ಲಿ ಪರಿಶೀಲಿಸಿದೆ, ಸಂಶಯವಿಲ್ಲ ಎಂದು ಬರೆದಿದ್ದೆ. ಸಾಹೇಬರು ಅದನ್ನೇ ಎರಡು ಸಲ ಓದಿದರು.

"ನಿಮಗೇ ಸಂಶಯ ಇಲ್ವೇನ್ರಿ ಮೂರ್ತಪ್ಪನವರೇ?"

"ಇಲ್ಲ ಸಾರ್."

"ಮೇಷ್ಟ್ರ ಕಾಗದ ಒಂದೇ ಸಾಕಾಯ್ತಾ? ಅಷ್ಟು ಖಾತ್ರಿ ಹೇಗೆ?"

"ನನ್ನ ಮನೇಲಿ ನನಗೆ ತಿಪ್ಪ ಅಂತಾರೆ ಸಾರ್."

ಸಾಹೇಬರು ಪೆನ್ನಿನ ಟೋಪಿ ತೆಗೆದರು. ಅವರೂ ಈ ಕಡೆಯವರೇ. ಮತ್ತೇನೂ ಕೇಳದೆ ಸಹಿ ಹಾಕಿದರು. ವೇಟಿಂಗ್ ಲಿಸ್ಟಿನವಳು ನನ್ನ ನಾದಿನಿಯ ಮಗಳು ಎಂಬುದನ್ನೂ ಆಗಲೇ ಹೇಳಿಬಿಟ್ಟೆ. "ಗೊತ್ತು" ಎಂದರು. ಗೊತ್ತಿತ್ತಂತೆ. ಎಷ್ಟು ದಿನದಿಂದ, ಯಾರಿಂದ... ಕೇಳಲಿಲ್ಲ.

ಸಂಜೆ ಚಂದ್ರಕ್ಕನಿಗೆ ಸೀಟು ಹೋದ ವಿಷಯ ಹೇಳಿದೆ. ಅವಳು ಕೂಗಾಡಲಿಲ್ಲ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಆಮೇಲೆ ತಟ್ಟೆ ಇಟ್ಟು ಒಳಗೆ ಹೋದಳು.

1-8-74, ಗುರುವಾರ. ಸಂಜೆ

ತರಬೇತಿ ಶುರು. ಇಪ್ಪತ್ತು ಹುಡುಗಿಯರು, ಬಿಳಿ ಸೀರೆ. ಹಾಜರಿ ಕರೆದವನು ನಾನೇ. ಏಕಾಂತಮ್ಮ ಎಂದಾಗ ದನಿ ತಾನಾಗಿ ತಗ್ಗಿತು, ಯಾರಿಗೋ ಕೇಳಿಸಬಾರದು ಎಂಬಂತೆ. "ಇದೀನಿ ಸಾ" ಎಂದಳು. ಒಂದೇ ಸಲಕ್ಕೆ.

ಈಗ ಆಫೀಸಿನಲ್ಲಿ ಎಲ್ಲರಿಗೂ ನನ್ನ ಹೆಸರು ಗೊತ್ತು. ಎದುರಿಗೆ ಯಾರೂ ಕರೆದಿಲ್ಲ.

ಶಾಂತಳ ಕಾರ್ಡು ಎರಡು ಸೋಮವಾರದಿಂದ ಬಂದಿಲ್ಲ. ಟ್ರಂಕು ಇನ್ನೂ ನಡುಮನೆಯಲ್ಲೇ ಇದೆ. ಚಂದ್ರಕ್ಕ ಅದನ್ನು ಸುತ್ತಿ ಓಡಾಡುತ್ತಾಳೆ, ಒಳಗಿಡುವುದಿಲ್ಲ. ಇವತ್ತು ಬೀರು ತೆಗೆದಾಗ ದಾರ ನೆಲದ ಮೇಲೆ ಬಿದ್ದಿತ್ತು. ಓದಿದ್ದರೆ ಓದಲಿ. ನಾನು ಬಾಯಲ್ಲಿ ಹೇಳದೆ ಬಿಟ್ಟದ್ದೂ ತಿಳಿಯುತ್ತದೆ. ದಾರ ಮತ್ತೆ ಇಡುವುದಿಲ್ಲ.

ಮಗಳನ್ನು ಬಿಟ್ಟು ಹೊರಟ ಓಬವ್ವ ನನ್ನ ಮೇಜಿನ ಹತ್ತಿರ ಬಂದು ಸುಮ್ಮನೆ ನಿಂತಳು. ಫೈಲು ತೆಗೆದೆ, ದಾರ ಬಿಚ್ಚಿದೆ, ಹದಿನಾಲ್ಕನೇ ಹಾಳೆಯನ್ನು ಎಳೆದು ಕೊಟ್ಟೆ. "ಎಲ್ಲೈತೆ ಸಾಮಿ ಹೆಸ್ರು?" ಎಂದಳು. ಬೆರಳಿಟ್ಟು ತೋರಿಸಿದೆ. ಅದೇ ಜಾಗದಲ್ಲಿ ತನ್ನ ಬೆರಳಿಟ್ಟು ನೋಡಿದಳು. ಆಮೇಲೆ ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು.

ಮುಂದಿನ ತಿಂಗಳು ಬೆಂಗಳೂರಿನಿಂದ ಇನ್ಸ್‌ಪೆಕ್ಷನ್ ಬರುತ್ತದೆ. ಬರುವವರಲ್ಲಿ ನನ್ನಂಥವನು ಒಬ್ಬ ಇದ್ದೇ ಇರುತ್ತಾನೆ. ಹದಿಮೂರು ಆದ ಮೇಲೆ ಹದಿನೈದು ಯಾಕೆ ಎಂದು ಕೇಳುತ್ತಾನೆ. ಕೇಳಿದರೆ ಹೇಳಬೇಕು, ಆ ಹಾಳೆ ಆ ಕೂಸಿನ ಅವ್ವನ ಹತ್ತಿರ ಇದೆ ಎಂದು.